ಒಂದೇ ಮನೆಯ ಆಟಗಾರರು

ಕಳೆದ ಬಂಡಿಹಬ್ಬದ ಮರುದಿನದ ಮಾತು. ವೈಶಾಖ ಪೂರ್ಣಿಮೆಗೆಂದು ಅಂಕೋಲೆಯ ನಮ್ಮ ಮೂಲಮನೆಯಲ್ಲಿ ಮೂವತ್ತು ಜನರು ಕೂಡಿದ್ದರು. ಮುಂಬಯಿಯಿಂದ ಬಂದವರು ಕೆಲವರು, ಬೆಂಗಳೂರಿನಿಂದ ಬಂದವರು ಕೆಲವರು, ಕಾರವಾರದಿಂದ ಬೆಳಗಿನ ಬಸ್ಸಿಗೆ ಬಂದಿಳಿದವರು ಕೆಲವರು. ಬಾವಿಕಟ್ಟೆಯ ಹತ್ತಿರ ಹದಿನೆಂಟರ ಪ್ರಾಯದ ಇಬ್ಬರು ಹುಡುಗರು ನಿಂತಿದ್ದರು. ಅವರಲ್ಲೊಬ್ಬನು ಇನ್ನೊಬ್ಬನನ್ನು, “ನೀನು ಯಾರ ಮನೆಯವನು?” ಎಂದು ಕೇಳಿದನು. ಕೇಳಿದವನ ಅಜ್ಜನೂ ಕೇಳಿಸಿಕೊಂಡವನ ಅಜ್ಜನೂ ಒಡಹುಟ್ಟಿದವರು; ಆ ಬಾವಿಯನ್ನು ತೋಡಿಸಿದವರು ಇಬ್ಬರಿಗೂ ಮುತ್ತಜ್ಜ. ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ ನಮ್ಮ ದೊಡ್ಡಪ್ಪನವರ ಕೈ ಅಲ್ಲಿಯೇ ನಿಂತಿತು.

ಅವರು ಯಾರನ್ನೂ ಗದರಿಸಲಿಲ್ಲ. ಇಳಿಹೊತ್ತಿಗೆ ಹುಡುಗರನ್ನೆಲ್ಲ ಕೊಯ್ಲಾದ ಗದ್ದೆಗೆ ಕರೆದೊಯ್ದು, ಕೋಲಿನಿಂದ ಗೆರೆ ಎಳೆದು, ಹುತುತು ಆಡಿಸಿದರು. ಇಂದಿನವರು ಕಬಡ್ಡಿಯೆಂದು ಕರೆಯುವ ಆಟಕ್ಕೆ ನಮ್ಮ ಕಡೆಯ ಹಿರಿಯರ ಬಾಯಲ್ಲಿದ್ದ ಹೆಸರು ಅದು. ಆ ಇಬ್ಬರನ್ನೂ ಬೇಕೆಂದೇ ಒಂದು ಪಕ್ಷಕ್ಕೆ ಹಾಕಿದರು. ಒಬ್ಬನು ತನ್ನ ಕಾಲೇಜಿನ ತಂಡದಲ್ಲಿ ಆಡುವವನು. ಇನ್ನೊಬ್ಬನಿಗೆ ಆಟದ ಗಾಳಿಯೇ ಸೋಂಕಿರಲಿಲ್ಲ. ಕತ್ತಲಾಗುವಷ್ಟರಲ್ಲಿ ಗದ್ದೆಯಿಂದ “ಅಣ್ಣಾ, ಹಿಡಿ!”, “ತಮ್ಮಾ, ಬಿಡಬೇಡ!” ಎಂಬ ಕೂಗು ಮನೆಯವರೆಗೆ ಕೇಳಿಸಿತು. ವಂಶವೃಕ್ಷವನ್ನು ಬರೆದು ತೋರಿಸಿದ್ದರೂ ಅಷ್ಟು ಬೇಗನೆ ಆಗದ ಕೆಲಸವು ಒಂದು ತಾಸಿನಲ್ಲಿ ಆಗಿಹೋಗಿತ್ತು.

ಒಂದೇ ರಕ್ತದ ಮಕ್ಕಳು ಒಬ್ಬರನ್ನೊಬ್ಬರು ಅರಿಯದಂತಾದುದು ಅವರ ತಪ್ಪಲ್ಲ. ಹೊಟ್ಟೆಪಾಡು ನಮ್ಮ ಕರಾವಳಿಯವರನ್ನು ಊರೂರಿಗೆ ಒಯ್ದಿದೆ. ಕಾರವಾರಕ್ಕೂ ಅಂಕೋಲೆಗೂ ನಡುವಿನ ಸಮುದ್ರತೀರದಲ್ಲಂತೂ ಬೇರೊಂದು ಕಾರಣವೂ ಇದೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಬಳಿಕ ಎಷ್ಟೋ ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ಬಿಟ್ಟುಕೊಟ್ಟು ಬೇರೆ ಕಡೆ ನೆಲೆಸಬೇಕಾಯಿತು. 2005ರಲ್ಲಿ ಅಲ್ಲಿ ‘ಕದಂಬ’ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶಕ್ಕೆ ಅದು ಬೇಕಾದುದೇ ಸರಿ. ಆದರೆ ಅಂಗಳ ಹೋದಾಗ ಅಂಗಳದಲ್ಲಿ ಕೂಡುತ್ತಿದ್ದವರೂ ಚದರಿಹೋಗುವರೆಂಬುದು ಕಣ್ಣಾರೆ ಕಂಡ ಮಾತು. ಹೀಗೆ ಚದರಿದ ಮನೆತನವನ್ನು ಕೂಡಿಸುವ ಸಾಧನವಾವುದು? ಮದುವೆ, ಮುಂಜಿ, ಶ್ರಾದ್ಧಗಳು ಇದ್ದೇ ಇವೆ. ಆದರೆ ಅಲ್ಲಿ ಹಿರಿಯರು ಮಾತಾಡುತ್ತಾರೆ, ಕಿರಿಯರು ಮೂಲೆ ಹಿಡಿಯುತ್ತಾರೆ.

ಈ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲಿಯೇ ಒಂದು ಸೊಗಸಾದ ಉತ್ತರವುಂಟು. ನಮ್ಮಲ್ಲಿ ಬಂಡಿಹಬ್ಬದ ಸಿದ್ಧತೆ ನಡೆಯುವ ಬೇಸಗೆಯ ದಿನಗಳಲ್ಲಿಯೇ ಅತ್ತ ಕೊಡಗಿನಲ್ಲಿ ಮನೆತನಗಳ ಹಾಕಿ ಪಂದ್ಯಗಳು ನಡೆಯುತ್ತವೆ. ಕೊಡವರಲ್ಲಿ ಮನೆತನಕ್ಕೆ ‘ಒಕ್ಕ’ವೆಂದು ಹೆಸರು, ಅದರ ಮೂಲಮನೆಯೇ ಐನ್‌ಮನೆ. ಅವರಲ್ಲಿ ಮನೆತನದ ಹೆಸರೇ ಮುಂದೆ, ತನ್ನ ಹೆಸರು ಹಿಂದೆ. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತದ ತಂಡದಲ್ಲಿದ್ದ ಎಂ. ಎಂ. ಸೋಮಯ್ಯನವರ ಹೆಸರಿನ ಮೊದಲನೆಯ ಅಕ್ಷರವು ಮನೆಯಪಂಡವೆಂಬ ಒಕ್ಕವನ್ನು ಸೂಚಿಸುತ್ತದೆ. ಆಟಗಾರನು ಎಲ್ಲಿಗೆ ಹೋದರೂ ಮನೆಯು ಅವನ ಮುಂದೆ ನಡೆಯುತ್ತದೆ!

ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ, ಹಾಕಿಯ ನಿರ್ಣಾಯಕರೂ ಆಗಿದ್ದ ಪಾಂಡಂಡ ಕುಟ್ಟಪ್ಪನವರಿಗೆ ಒಂದು ಯೋಚನೆ ಹೊಳೆಯಿತು: ಊರು ಊರಿನೊಡನೆ ಆಡುವಂತೆ, ಮನೆತನವು ಮನೆತನದೊಡನೆ ಏಕೆ ಆಡಬಾರದು? 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಇದರ ಮೊದಲಾಯಿತು. ನಿಯಮವು ಬಲು ಸರಳ; ತಂಡದಲ್ಲಿರುವವರೆಲ್ಲರೂ ಒಂದೇ ಒಕ್ಕದವರಾಗಿರಬೇಕು. ವರ್ಷಕ್ಕೊಂದು ಕುಟುಂಬವು ಆತಿಥ್ಯದ ಭಾರವನ್ನು ಹೊರುತ್ತದೆ, ಆ ವರ್ಷದ ಬಟ್ಟಲಿಗೆ ಅದರ ಹೆಸರೇ ಇರುತ್ತದೆ. 2018ರ ಮಳೆಗಾಲದಲ್ಲಿ ಗುಡ್ಡಗಳು ಕುಸಿದು ಕೊಡಗು ನೊಂದಿತು. ಅದರ ಬೆನ್ನಿಗೆ ಸಾಂಕ್ರಾಮಿಕ ರೋಗವೂ ಬಂದಿತು. ಆಟವು ಕೆಲವು ವರ್ಷ ನಿಂತುಹೋಯಿತು. ನಿಂತದ್ದು ಸತ್ತುಹೋಗಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದವರು ನಾಪೋಕ್ಲಿನಲ್ಲಿ ಮತ್ತೆ ಆರಂಭಿಸಿದರು. 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು ಸೇರಿ, ಗಿನ್ನೆಸ್ ದಾಖಲೆಯ ಪುಸ್ತಕದವರೂ ಅದನ್ನು ಮನ್ನಿಸಿದರು.

ಆ ಆಟದಂಗಳದಲ್ಲಿ ಒಲಿಂಪಿಕ್ಸ್ ಕಂಡವನ ಪಕ್ಕದಲ್ಲಿ ಶಾಲೆಯ ಹುಡುಗನು ಓಡುತ್ತಾನೆ. ಅಜ್ಜನೂ ಮೊಮ್ಮಗನೂ ಒಂದೇ ಬಣ್ಣದ ಅಂಗಿ ತೊಡುತ್ತಾರೆ. ನಮ್ಮ ಗೃಹಿಣಿಯರು ಮುಖ್ಯವಾಗಿ ಗಮನಿಸಬೇಕಾದ ಮಾತು ಇನ್ನೊಂದಿದೆ. ಹೆಣ್ಣುಮಕ್ಕಳೂ ಗಂಡಸರ ಸಂಗಡ ಅದೇ ತಂಡದಲ್ಲಿ ಆಡಬಹುದು. ಮದುವೆಯಾದವಳು ತವರಿನ ಪರವಾಗಿಯಾದರೂ ಆಡಬಹುದು, ಗಂಡನ ಮನೆಯ ಪರವಾಗಿಯಾದರೂ ಆಡಬಹುದು. ಕೊಟ್ಟ ಹೆಣ್ಣು ಕುಲದಿಂದ ಹೊರಗೆಂಬ ಮಾತಿಗೆ ಇದಕ್ಕಿಂತ ಮೃದುವಾದ ಉತ್ತರವನ್ನು ನಾನು ಕಂಡಿಲ್ಲ.

ಇದು ಕೊಡವರ ಸ್ವಭಾವವೇ ಹೀಗೆಂದು ಹೇಳಿ ಕೈತೊಳೆದುಕೊಳ್ಳುವವರು ಇರಬಹುದು. ಹಾಗಾದರೆ ಭೂಮಿಯ ಆಚೆ ಬದಿಯ ಒಂದು ಚಳಿಯೂರಿನ ಕತೆಯನ್ನೂ ಕೇಳಬೇಕು. ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ, ಕೆನಡಾದ ಗಡಿಗೆ ತಗಲಿ, ವಾರೋಡ್ ಎಂಬ ಸಣ್ಣ ಪಟ್ಟಣವಿದೆ. ಚಳಿಗಾಲದಲ್ಲಿ ಅಲ್ಲಿಯ ನೀರು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತ, ಪಕ್ಷಕ್ಕೆ ಆರು ಜನರಂತೆ ಹಾಕಿ ಆಡುತ್ತಾರೆ. ಆ ಊರಿನ ಕ್ರಿಶ್ಚಿಯನ್ ಎಂಬ ಮನೆತನದ ಗಾರ್ಡನ್ 1956ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದನು. ಅವನ ತಮ್ಮಂದಿರಾದ ಬಿಲ್ ಮತ್ತು ರೋಜರ್ 1960ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಬಿಲ್ಲನ ಮಗ ಡೇವ್ ನಾರ್ತ್ ಡಕೋಟ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1980ರಲ್ಲಿ ತಂದೆಯಂತೆಯೇ ಚಿನ್ನ ಗೆದ್ದ ತಂಡದಲ್ಲಿ ನಿಂತನು. ಬಿಲ್ಲನ ಮಗಳ ಮಗ ಬ್ರಾಕ್ ನೆಲ್ಸನ್ನನೂ ಅದೇ ವಿಶ್ವವಿದ್ಯಾಲಯದ ಅಂಗಿ ತೊಟ್ಟು ಆಡಿದವನೇ. ಇಲ್ಲಿ ಮನೆತನದ ಹೆಸರು ಬದಲಾಯಿತು, ಆಟ ಬದಲಾಗಲಿಲ್ಲ. ಅದು ಮಗಳ ಮೂಲಕವೂ ಮುಂದೆ ಹರಿಯಿತು.

ಈ ಬಿಲ್ಲನೂ ರೋಜರನೂ ವೃತ್ತಿಯಿಂದ ಬಡಗಿಗಳು. ಆಡಿ ಚಿನ್ನ ಗೆದ್ದ ಮೇಲೆ, 1964ರಲ್ಲಿ, ತಮ್ಮ ಊರಿನಲ್ಲಿಯೇ ಹಾಕಿಯ ಕೋಲು ಮಾಡುವ ಕಾರಖಾನೆಯನ್ನು ತೆರೆದರು. ಇದನ್ನು ಓದಿದಾಗ ನನಗೆ ನಮ್ಮ ಗಾದೆ ನೆನಪಾಯಿತು. ‘ನೂಲಿನಂತೆ ಸೀರೆ’ ಎನ್ನುತ್ತೇವೆ. ಅಹುದು, ಆದರೆ ನೂಲು ತಾನಾಗಿಯೇ ಸೀರೆಯಾಗುವದಿಲ್ಲ, ಮಗ್ಗ ಬೇಕಾಗುತ್ತದೆ. ಆಟಗಾರರ ಮನೆಯಲ್ಲಿ ಆಟಗಾರರು ಹುಟ್ಟುವರೆಂದು ಬೆರಗಾಗುವೆವು. ನನ್ನ ಮಟ್ಟಿಗೆ ಅದರಲ್ಲಿ ರಕ್ತಕ್ಕಿಂತ ಅಂಗಳದ ಪಾಲು ಹೆಚ್ಚು. ಕೋಲು ಕೈಗೆಟಕುವ ಮೂಲೆಯಲ್ಲಿದ್ದರೆ, ಚಿಕ್ಕಪ್ಪನು ಸಂಜೆ ಒಂದು ತಾಸು ಬಿಡುವು ಮಾಡಿಕೊಂಡರೆ, ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದ ಮಗುವಿಗೆ ತಾಯಿಯು ಬಯ್ಯದೆ ಎಣ್ಣೆ ಹಚ್ಚಿದರೆ, ಅದೇ ಮಗ್ಗ.

ಆದರೆ ಮಗ್ಗವು ಬಂಡಿಯ ನೊಗವಾಗಬಾರದು. ಹಾಕಿಯ ಮಾಂತ್ರಿಕನೆನಿಸಿದ ಧ್ಯಾನಚಂದರು 1928, 1932 ಮತ್ತು 1936ರಲ್ಲಿ ಮೂರು ಒಲಿಂಪಿಕ್ ಚಿನ್ನಗಳನ್ನು ಗೆದ್ದವರು. ಅವರ ತಮ್ಮ ರೂಪಸಿಂಗರು ಕೊನೆಯ ಎರಡರಲ್ಲಿ ಅಣ್ಣನ ಸಂಗಡ ಆಡಿದವರು. ಅಂಥ ಧ್ಯಾನಚಂದರೇ, ಹಾಕಿಯಲ್ಲಿ ಹೊಟ್ಟೆ ತುಂಬುವದಿಲ್ಲವೆಂದು ಮಕ್ಕಳನ್ನು ಆಟದಿಂದ ಹಿಂದೆಗೆಯಲು ನೋಡಿದ್ದರೆಂದು ಅವರ ಮಗ ಅಶೋಕಕುಮಾರರು ಹೇಳಿದ್ದುಂಟು. ಆದರೂ ಮಗನು ತನ್ನ ಇಚ್ಛೆಯಿಂದಲೇ ಆಡಿ, 1975ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಎದುರು ಗೆಲುವಿನ ಗೋಲನ್ನು ಹೊಡೆದನು. ತಂದೆಯ ಹೆಸರು ಮಗನ ಬೆನ್ನಿಗೆ ಆಸರೆಯೂ ಆಗಬಹುದು, ಹೊರೆಯೂ ಆಗಬಹುದು. ಹೊರಿಸಿದ ಆಟವು ಆಟವಲ್ಲ, ಬಿಟ್ಟಿ ದುಡಿತ. ಬಾಗಿಲು ತೆರೆದಿಡುವದಷ್ಟೇ ಹಿರಿಯರ ಕೆಲಸ. ಒಳಗೆ ಬರುವದು ಬಿಡುವದು ಮಕ್ಕಳ ಇಚ್ಛೆ.

ನಮ್ಮ ಮನೆಯಿಂದ ಒಲಿಂಪಿಕ್ಸಿಗೆ ಯಾರೂ ಹೋಗಲಾರರೆಂಬುದು ನಮಗೆ ಗೊತ್ತು. ಅಂದು ಗದ್ದೆಯಲ್ಲಿ ಆಡಿದವರಲ್ಲಿ ಹೆಚ್ಚಿನವರಿಗೆ ಉಸಿರು ಹಿಡಿಯುವದೂ ಬಾರದು. ಹಾಗಿದ್ದರೂ ಆ ಸಂಜೆ ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದ ಆ ಇಬ್ಬರು ಹುಡುಗರು ಒಂದೇ ಕೊಡದ ನೀರನ್ನು ಒಬ್ಬರಿಗೊಬ್ಬರು ಹೊಯ್ದುಕೊಂಡುದನ್ನು ನೋಡಿದವರಿಗೆ ಬೇರೆ ಪದಕ ಬೇಕಾಗಲಿಲ್ಲ.

ಒಂದು ಕೊರತೆ ಮಾತ್ರ ಉಳಿದಿತ್ತು. ನನ್ನ ತಂಗಿಯ ಮಗಳು, ಹನ್ನೆರಡು ವರ್ಷದವಳು, ಆಟ ಮುಗಿಯುವ ತನಕ ಗದ್ದೆಯ ಬದುವಿನ ಮೇಲೆ ಕುಳಿತೇ ಇದ್ದಳು. ರಾತ್ರಿ ಊಟದ ಹೊತ್ತಿಗೆ, “ದೊಡ್ಡಜ್ಜಾ, ನಾನು ಈ ಮನೆಯವಳೋ ಅಲ್ಲವೋ?” ಎಂದು ಕೇಳಿದಳು. ಪಂಕ್ತಿಯಲ್ಲಿದ್ದವರೆಲ್ಲ ಸುಮ್ಮನಾದರು. ದೊಡ್ಡಪ್ಪನವರು ಅವಳ ಎಲೆಗೆ ಈಶಾಡು ಮಾವಿನ ಒಂದು ಹೋಳು ಹಾಕಿ, “ಬರುವ ಹಬ್ಬಕ್ಕೆ ಗೆರೆ ಎಳೆಯುವವಳು ನೀನೇ, ತಂಗೀ, ಮೊದಲು ಆಡುವವಳೂ ನೀನೇ,” ಎಂದರು.

ವಾಚಕರೇ, ನಿಮ್ಮ ಮನೆಯಲ್ಲಿಯೂ ಹಬ್ಬ ಬರುವದು, ಜನ ಕೂಡುವರು. ಊಟವಾದ ಮೇಲೆ ಹಿರಿಯರು ಚಾಪೆ ಹಾಸುವ ಮುನ್ನ ಒಮ್ಮೆ ಅಂಗಳಕ್ಕಿಳಿದು ಒಂದು ಗೆರೆ ಎಳೆಯಿರಿ. ಪಕ್ಷ ಮಾಡುವಾಗ, ಒಬ್ಬರನ್ನೊಬ್ಬರು ಅರಿಯದವರನ್ನು ಒಂದೇ ಕಡೆಗೆ ಹಾಕಿರಿ. ಉಳಿದುದನ್ನು ಮಕ್ಕಳು ನೋಡಿಕೊಳ್ಳುವರು.