ಕುದುರೆ ಹೊರಡುವ ವಾಡೆ

ಅಂಕಲಿ ಕಡೆಯ ಹಳೆಯ ಒಕ್ಕಲುತನದ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ಎದುರಾಗುವುದು ಸೋಫಾ ಅಲ್ಲ, ಗೋದಲಿ. ಮನುಷ್ಯರು ಬರುವ ಬಾಗಿಲಿನಿಂದಲೇ ದನವೂ ಒಳಗೆ ಬರುತ್ತದೆ. ಬಾಗಿಲಿನ ಬದಿಯಲ್ಲಿ ತಗ್ಗಿನಲ್ಲಿ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಎರಡು ಮೂರು ಗೇಣು ಎತ್ತರಕ್ಕೆ ಪಡಸಾಲೆ. ಪಡಸಾಲೆಯ ಅಂಚಿನಲ್ಲಿ ಕೂತ ಯಜಮಾನನ ಮುಖದ ಮಟ್ಟಕ್ಕೇ ಎತ್ತಿನ ಮುಖ ಇರುತ್ತದೆ. ರಾತ್ರಿ ಯಾವ ಎತ್ತು ಮೇವು ಬಿಟ್ಟಿತು, ಯಾವ ಎಮ್ಮೆ ಒದ್ದಾಡುತ್ತಿದೆ ಎಂಬುದು ಹಾಸಿಗೆಯಲ್ಲಿ ಮಲಗಿದವನಿಗೇ ಗೊತ್ತಾಗಬೇಕು. ಆ ಲೆಕ್ಕದಲ್ಲೇ ಮನೆ ಎದ್ದು ನಿಲ್ಲುತ್ತಿತ್ತು. ಮೊದಲು ದನದ ಜಾಗ, ಆಮೇಲೆ ಉಳಿದದ್ದು ಮನೆಮಂದಿಗೆ. ಈ ಸೀಮೆಯ ಕಟ್ಟೋಣದ ಗುಟ್ಟು ಇದೇ ಎಂದು ನನ್ನ ನಂಬಿಕೆ.

ಚಿಕ್ಕೋಡಿಯಿಂದ ಮಿರಜ ರಸ್ತೆ ಹಿಡಿದರೆ ಕೃಷ್ಣೆಯನ್ನು ದಾಟುವ ಮೊದಲು ಅಂಕಲಿ ಸಿಗುತ್ತದೆ. ಸಾಂಗ್ಲಿಯ ಹತ್ತಿರ ಇದೇ ಹೆಸರಿನ ಇನ್ನೊಂದು ಊರಿದೆ, ಅದೂ ಕೃಷ್ಣೆಯ ದಂಡೆಯದೇ. ಆದರೆ ಪಂಢರಪುರಕ್ಕೆ ನಡೆದು ಹೋಗುವ ಮಹಾರಾಷ್ಟ್ರದ ವಾರಕರಿಯ ಮುಂದೆ ಅಂಕಲಿ ಎಂದರೆ ಆತ ನೆನೆಯುವುದು ನಮ್ಮ ಚಿಕ್ಕೋಡಿಯ ಅಂಕಲಿಯನ್ನೇ. ಕಾರಣ ಇಲ್ಲಿನ ಶಿತೋಳೆ ಸರ್ಕಾರರ ವಾಡೆ. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಮಹಾರಾಜರ ಪಾಲಕಿಯ ಕುದುರೆಗಳು ಪ್ರತಿವರ್ಷ ಹೊರಡುವುದು ಈ ವಾಡೆಯ ಬಾಗಿಲಿನಿಂದ.

ಶಿತೋಳೆಯವರು ಮೂಲದಲ್ಲಿ ಪುಣೆ ಪ್ರಾಂತ್ಯದ ದೇಶಮುಖರು. ಗ್ವಾಲಿಯರಿನ ಮಹಾದಜಿ ಶಿಂಧೆಯ ಮಗಳು ಬಾಳಾಬಾಯಿಯನ್ನು ಲಾಡೋಜಿ ಶಿತೋಳೆಗೆ ಕೊಟ್ಟಮೇಲೆ ಆ ದರ್ಬಾರಿನೊಂದಿಗೆ ಅವರ ಬೀಗತನ ಬಲವಾಯಿತು. ಪಾಲಕಿಯ ಇಂದಿನ ಮೆರವಣಿಗೆಯನ್ನು ಹಾಕಿಕೊಟ್ಟ ಹೈಬತಬಾಬಾ ಆರ್ಫಳಕರ ಕೂಡ ಅದೇ ಶಿಂಧೆಯವರ ಚಾಕರಿಯಲ್ಲಿದ್ದವರು, ಸಾತಾರಾ ಕಡೆಯ ಆರ್ಫಳದವರು. ಊರಿಗೆ ಮರಳುವಾಗ ಸಾತಪುಡಾ ಬೆಟ್ಟದಲ್ಲಿ ದರೋಡೆಕೋರರ ಕೈಗೆ ಸಿಕ್ಕು, ಹರಿಪಾಠ ಹೇಳುತ್ತಲೇ ಸೆರೆಯಲ್ಲಿದ್ದು ಬಿಡುಗಡೆಯಾದರೆಂದು ಭಕ್ತರು ಹೇಳುತ್ತಾರೆ. ಆಮೇಲೆ ಅವರು ಮನೆಗೆ ಹೋಗಲಿಲ್ಲ, ಆಳಂದಿಯಲ್ಲೇ ನಿಂತರು. 1832ರ ಸುಮಾರಿಗೆ ಅವರು ಜ್ಞಾನೇಶ್ವರರ ಪಾದುಕೆಗಳನ್ನು ಪಾಲಕಿಯಲ್ಲಿಟ್ಟು, ಭಜನೆಯ ತಂಡಗಳಾದ ದಿಂಡಿಗಳನ್ನು ಸಾಲಾಗಿ ನಿಲ್ಲಿಸಿ, ದಂಡಿನ ಶಿಸ್ತಿನಲ್ಲಿ ವಾರಿಯನ್ನು, ಅಂದರೆ ಈ ಪಾದಯಾತ್ರೆಯನ್ನು, ನಡೆಸಿದಾಗ ಕುದುರೆ, ಡೇರೆ, ನೈವೇದ್ಯದ ಹೊಣೆ ಹೊತ್ತವರು ಅಂಕಲಿಯ ಶಿತೋಳೆಯವರು. ಆ ಹೊಣೆ ಇನ್ನೂ ಅದೇ ಮನೆತನದ ಹೆಗಲ ಮೇಲಿದೆ.

ಸರ್ಕಾರರ ವಾಡೆಗೂ ರೈತನ ಮನೆಗೂ ಅಂತಸ್ತಿನಲ್ಲಿ ಅಜಗಜಾಂತರ ಇರಬಹುದು, ವ್ಯಾಕರಣ ಮಾತ್ರ ಒಂದೇ. ಈ ಭಾಗದ ನೆಲದಡಿ ಕರಿಕಲ್ಲು. ಹಾಗಾಗಿ ಕೆಳಗಿನ ಗೋಡೆಗೆ ಕಲ್ಲು, ಮೇಲಕ್ಕೆ ಇಟ್ಟಂಗಿ ಇಲ್ಲವೇ ಮಣ್ಣು. ದೊಡ್ಡ ಬಾಗಿಲು ಮುಚ್ಚಿದ್ದಾಗ ಓಡಾಡಲು ಅದರ ಹೊಟ್ಟೆಯಲ್ಲೇ ಒಂದು ದಿಡ್ಡಿ ಬಾಗಿಲು: ಎಂಥ ಧಿಮಾಕಿನವನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಮನೆಯನ್ನು ಇಲ್ಲಿ ಚದರಡಿಯಲ್ಲಿ ಅಳೆಯುತ್ತಿರಲಿಲ್ಲ. ಎರಡು ಕಂಬಗಳ ನಡುವಿನ ಜಾಗ ಒಂದು ಖಣ. ಐದು ಖಣದ ಮನೆ, ಏಳು ಖಣದ ಮನೆ ಎಂದರೆ ಬೀಗರಿಗೆ ಎಲ್ಲ ತಿಳಿಯುತ್ತಿತ್ತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಾಳುಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಆ ಮಣ್ಣನ್ನು ತುಳಿದು ಗಟ್ಟಿ ಮಾಡಬೇಕು, ತಪ್ಪಿದರೆ ಶ್ರಾವಣದಲ್ಲಿ ಮನೆಯೊಳಗೇ ಬೋಗುಣಿ ಇಡಬೇಕು. ಬೆಳಕು ಬೀಳುವುದು ಮಾಳಿಗೆಯ ಬೆಳಕಿಂಡಿಯಿಂದ. ಮಧ್ಯಾಹ್ನದ ಹೊತ್ತು ಅದರಿಂದ ಇಳಿಯುವ ಒಂದೇ ಕೋಲು ಬಿಸಿಲಿನಲ್ಲಿ ಹೊಟ್ಟಿನ ಧೂಳು ತೇಲುತ್ತಿರುತ್ತದೆ. ಉಳಿದ ಮನೆಯೆಲ್ಲ ತಂಪು, ಸೆಗಣಿ ಸಾರಿಸಿದ ನೆಲದ ವಾಸನೆ.

ಈ ಮನೆಗಳನ್ನು ಬರಿದು ಮಾಡಿದ್ದು ಕಬ್ಬು ಎಂದರೆ ಕೆಲವರಿಗೆ ಬೇಸರವಾದೀತು. ಚಿಕ್ಕೋಡಿ ಸೀಮೆಯನ್ನು ಎತ್ತಿ ನಿಲ್ಲಿಸಿದ್ದೂ ಅದೇ ಕಬ್ಬು, ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥವು. ಆದರೆ ಜೋಳ ಹೋದ ಮೇಲೆ ಕಣಿಕೆ ಹೋಯಿತು, ಬಣವಿ ಹೋಯಿತು, ಕಾಳು ತುಂಬುವ ಹಗೇವು ಬರಿದಾಯಿತು. ಟ್ರ್ಯಾಕ್ಟರ್ ದಿಡ್ಡಿ ಬಾಗಿಲಿನಲ್ಲಿ ಬರುವುದಿಲ್ಲ. ಎತ್ತು ಇಲ್ಲದ ದಂದಕ್ಕಿಯಲ್ಲಿ ಮೋಟರ್‌ಸೈಕಲ್ ನಿಂತಿತು. ಮೇಲಾಗಿ ನದಿ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆಯ ದಂಡೆಯ ಮಣ್ಣಿನ ಗೋಡೆಗಳು ನೀರು ಕುಡಿದು ಕುಳಿತುಬಿಟ್ಟವು. ಬಿದ್ದ ಗೋಡೆಯ ಜಾಗದಲ್ಲಿ ಸಿಮೆಂಟಿನ ಮನೆ ಎದ್ದದ್ದು ತಪ್ಪಲ್ಲ, ಜನ ಬದುಕಬೇಕಲ್ಲ. ತೊಲೆ, ಬೋದಿಗೆಗಳನ್ನು ಮಾತ್ರ ಹಳೆ ಕಟ್ಟಿಗೆಯ ವ್ಯಾಪಾರಿಗಳು ಲಾರಿಗೆ ಹೇರಿಕೊಂಡು ಹೋಗುವುದನ್ನು ನೋಡಲಾಗುವುದಿಲ್ಲ.

1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಇನಾಮು ರದ್ದತಿ ಬಂತು, ಉಳುವವನೇ ಒಡೆಯ ಎಂಬ ಕಾನೂನು ಬಂತು. ವಾಡೆಗಳ ಹುಟ್ಟುವಳಿ ನಿಂತುಹೋಯಿತು. ಎಷ್ಟೋ ಕಡೆ ಬಾಗಿಲಿಗೆ ಬೀಗ, ಒಳಗೆ ಅರಳಿ ಗಿಡ. ಅಂಕಲಿಯಲ್ಲಿ ಹಾಗಾಗದೆ ಇದ್ದದ್ದು ಕುದುರೆಗಳಿಂದ. ಹುಲ್ಲು, ಹುರಳಿ, ಲಾಳ, ಮಾಲೀಸು ಎಂದು ವರ್ಷವಿಡೀ ಕೆಲಸ ಇರುವ ಮನೆ ಪಾಳು ಬೀಳುವುದು ಸುಲಭವಲ್ಲ.

ಕಾರಹುಣ್ಣಿಮೆಯ ಆಸುಪಾಸಿಗೆ ಸುತ್ತಲಿನ ರೈತರು ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಹೊತ್ತಿಗೆ ವಾಡೆಯ ಕುದುರೆಗಳು ಸಿಂಗಾರಗೊಳ್ಳುತ್ತವೆ. ಕುದುರೆಗಳು ಎರಡು. ಒಂದರ ಮೇಲೆ ಜರಿಪಟಕೆ ಹಿಡಿದ ಸವಾರ. ಇನ್ನೊಂದಕ್ಕೆ ಜೀನು ಬಿಗಿದಿರುತ್ತದೆ, ಮೇಲೆ ಯಾರೂ ಕೂರುವುದಿಲ್ಲ. ಅದು ಮಾವುಲಿಯ ಕುದುರೆ, ಜ್ಞಾನೇಶ್ವರರೇ ಅದರ ಮೇಲಿದ್ದಾರೆ. ಊರಿನವರು ಕಾಲಿಗೆ ನೀರು ಹಾಕಿ ಆರತಿ ಬೆಳಗುತ್ತಾರೆ. ಕನ್ನಡದ ಓಣಿಯಲ್ಲಿ ಮರಾಠಿ ಅಭಂಗ ಏಳುತ್ತದೆ, ಯಾರಿಗೂ ಅದು ಬೇರೆ ಭಾಷೆ ಅನ್ನಿಸುವುದಿಲ್ಲ. ವಿಠ್ಠಲನನ್ನು ಕಾನಡಾ ಎಂದು ಕರೆದವರು ಜ್ಞಾನೇಶ್ವರರೇ ಅಲ್ಲವೇ!

ಅಲ್ಲಿಂದ ಮುಂದೆ ನಡಿಗೆಯೇ. ಮಿರಜ, ಸಾಂಗಲವಾಡಿ, ಪೇಠನಾಕಾ, ಭುಯಿಂಜ, ಸಾರೋಳಾ, ಪುಣೆ, ಕೊನೆಗೆ ಆಳಂದಿ. ಸುಮಾರು 300 ಕಿ.ಮೀ. ದಾರಿ, ಹನ್ನೊಂದು ದಿನದಷ್ಟು. ಪಂಢರಪುರದ ಹಾದಿಯಲ್ಲಿ ರಿಂಗಣ ನಡೆದಾಗ ಇವೇ ಕುದುರೆಗಳು ಲಕ್ಷ ಜನರ ನಡುವಿನ ಬಯಲಿನಲ್ಲಿ ಸುತ್ತು ಹಾಕಿ ಓಡುತ್ತವೆ. ಓಟ ಮುಗಿಯಿತೋ ಇಲ್ಲವೋ ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ಅಂಕಲಿಯವರು ಅಷ್ಟು ದೂರ ಹೋಗಬೇಕಿಲ್ಲ. ಕುದುರೆಗಳು ಮಾಂಜರಿಯ ಕಡೆ ತಿರುಗಿದ ಮೇಲೆ ವಾಡೆಯ ಮುಂದೆ ಬಗ್ಗಿದರೆ ಆಯಿತು, ಮಣ್ಣು ಇನ್ನೂ ಹಸಿಯಾಗಿರುತ್ತದೆ.