ನಿಮಗಿದು ಗೊತ್ತೇ? ಉರಿ ಇಲ್ಲದೆಯೂ ಸುಡುತ್ತದೆ

ಸುಟ್ಟಗಾಯ ಎಂದೊಡನೆ ಬೆಂಕಿ ನೆನಪಾಗುತ್ತದೆ. ಚಿಕ್ಕಮಕ್ಕಳ ಮಟ್ಟಿಗೆ ಅದು ತಪ್ಪು ಲೆಕ್ಕ. ಅವರನ್ನು ಹೆಚ್ಚಾಗಿ ಸುಡುವುದು ಕಾಫಿ, ಸಾರು, ಸ್ನಾನದ ನೀರು.

● ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಅಡುಗೆಯವರ ಕೈ ನೋಡಿ. ಪಳಗಿದ ಕೈ ಪಾತ್ರೆಯ ಮುಚ್ಚಳದ ಆಚೆ ಅಂಚನ್ನು ಮೊದಲು ಎತ್ತುತ್ತದೆ; ಹಬೆ ಗೋಡೆಯ ಕಡೆ ನುಗ್ಗುತ್ತದೆ. ಮನೆಯಲ್ಲಿ ನಾವು ಈಚೆಯಿಂದ ಎತ್ತಿ ಮುಖ ಒಡ್ಡುತ್ತೇವೆ. ಒಂದು ಗ್ರಾಂ ಕುದಿನೀರು ಮೈಬಿಸಿಗೆ ಇಳಿಯುವಾಗ ಬಿಡುವುದು ಸುಮಾರು 63 ಕ್ಯಾಲೊರಿ ಶಾಖ. ಒಂದು ಗ್ರಾಂ ಹಬೆ ಬರೀ ನೀರಾಗುವುದರಲ್ಲೇ 540 ಬಿಟ್ಟಿರುತ್ತದೆ!

● ಮುದ್ದೆಯ ಎಸರಿನಲ್ಲಿ ಪೊಳಕ್ಕನೆ ಸಿಡಿಯುವ ರಾಗಿ ಗುಳ್ಳೆ ನೀರಿನಂತೆ ಜಾರುವುದಿಲ್ಲ, ಮುಂಗೈಗೆ ಅಂಟಿಕೊಂಡೇ ಸುಡುತ್ತದೆ. ಕೋಲು ಹಿಡಿಯುವ ಮುನ್ನ ಉರಿ ತಗ್ಗಿಸಿ.

● 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೂ ಸುಮಾರು 5 ಸೆಕೆಂಡಿನಲ್ಲಿ ಬೇಯಿಸಬಲ್ಲದು. 49 ಡಿಗ್ರಿಯಾದರೆ ನಿಮಿಷಗಳೇ ಬೇಕು. ಗೀಸರ್ ತಿರುಪು ತಗ್ಗಿಸಲು ಇಷ್ಟು ಸಾಲದೇ? ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

● ಬಹುತೇಕ ಬೈಕುಗಳ ಸೈಲೆನ್ಸರ್ ಬಲಗಡೆ. ಗುಬ್ಬಿ, ಕುಣಿಗಲ್ ಸಂತೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಎಡಗಡೆಯಿಂದಲೇ ಇಳಿಸಿ.

● ಸುರುಸುರು ಬತ್ತಿಯ ತುದಿ ಸುಮಾರು 1000 ಡಿಗ್ರಿ. ಆರಿದ ಕಡ್ಡಿ ನೀರಿನ ಬಕೆಟ್ಟಿಗೆ ಹೋಗಲಿ. ಅಂಗಳದಲ್ಲಿ ಬಿಸಾಡಿದರೆ ಬರಿಗಾಲಿಗೆ ಕಾದಿರುತ್ತದೆ.

● ವೀರಭದ್ರನ ಕೊಂಡ ಹಾಯುವವರ ಕಾಲೇಕೆ ಸುಡದು? ಭಕ್ತಿಯ ಮಾತು ಭಕ್ತರಿಗೆ ಬಿಟ್ಟದ್ದು. ಇದ್ದಿಲು, ಬೂದಿ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ, ಹೆಜ್ಜೆ ಊರುವುದೂ ಅರೆಕ್ಷಣ. ನಡುವೆ ನಿಂತವರಿಗೆ, ಎಡವಿದವರಿಗೆ ಈ ವಿನಾಯಿತಿ ಇಲ್ಲ.

● ಕಲ್ಪತರು ನಾಡಿನಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಆಗಷ್ಟೇ ಸುಟ್ಟ ಗಾಯಕ್ಕೆ ಮಾತ್ರ ಬೇಡ. ಪೇಸ್ಟು, ಇಂಕು, ದೋಸೆ ಹಿಟ್ಟು, ಅರಿಸಿನ, ಐಸು ಯಾವುದೂ ಬೇಡ. ಬೇಕಾದದ್ದು ಹರಿಯುವ ತಣ್ಣೀರು, ಪೂರಾ 20 ನಿಮಿಷ. ಗಡಿಯಾರ ನೋಡಿಕೊಳ್ಳಿ, ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ನಲ್ಲಿ ಬಾರದ ದಿನವಾದರೆ ಡ್ರಮ್ಮಿನಿಂದ ಚೊಂಬಿನಲ್ಲಿ ಹುಯ್ಯುತ್ತಿರಿ. ತಡವಾಯಿತೆಂದು ಬಿಡಬೇಡಿ, 3 ಗಂಟೆಯೊಳಗೆ ಹುಯ್ದರೂ ಪ್ರಯೋಜನವಿದೆ. ಕೈ ಊದುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಒಗೆದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿದರೆ ಸಾಕು.

● ಬೆರಳೂ ಸೇರಿ ನಿಮ್ಮ ಅಂಗೈ ನಿಮ್ಮ ಮೈಚರ್ಮದ ಸುಮಾರು ನೂರರಲ್ಲಿ ಒಂದು ಪಾಲು. ಗಾಯ ಸುಟ್ಟವರ ಅಂಗೈಗಿಂತ ದೊಡ್ಡದಾದರೆ, ಮುಖ, ಕೈ, ಪಾದ, ಕೀಲು, ಮರ್ಮಾಂಗ ಸುಟ್ಟರೆ, ಸುಟ್ಟದ್ದು ಕರೆಂಟೋ ಆಸಿಡ್ಡೋ ಆದರೆ, ಅಥವಾ ಸುಟ್ಟವರು ಹಸುಗೂಸೋ ವಯಸ್ಸಾದವರೋ ಆದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108.