ಭಿತ್ತಿಯಿಂದ ವಸ್ತ್ರಕ್ಕೆ: ವಿಲಿಯಂ ಮಾರಿಸನ ಅಲಂಕಾರಕಲೆ

ಅಲಂಕಾರಕಲೆಗೆ ಸ್ಫೂರ್ತಿ ಯಾವುದೆಂದು ಕೇಳಿದರೆ ‘ಪ್ರಕೃತಿ’ ಎಂದು ಉತ್ತರಿಸುವುದು ವಾಡಿಕೆ. ಆ ಉತ್ತರ ಅಪೂರ್ಣವೆಂಬುದಕ್ಕೆ ಇಂಗ್ಲೆಂಡಿನ ವಿಲಿಯಂ ಮಾರಿಸನ (1834–1896) ಕೃತಿಗಳು ನಿದರ್ಶನವಾಗಿವೆ.

1857ರಲ್ಲಿ ಮಾರಿಸನು ರೊಸೆಟ್ಟಿ, ಬರ್ನ್-ಜೋನ್ಸ್ ಮೊದಲಾದವರೊಡನೆ ಆಕ್ಸ್‌ಫರ್ಡ್ ಯೂನಿಯನ್ನಿನ ಚರ್ಚಾಮಂದಿರದಲ್ಲಿ ಆರ್ಥರ್ ರಾಜನ ಕಥೆಗಳನ್ನು ಚಿತ್ರಿಸಿದನು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಆದರೆ ಗೋಡೆಯನ್ನು ಸಂಸ್ಕರಿಸದೆ, ಹೊಸ ಇಟ್ಟಿಗೆಯ ಮೇಲೆ ಬರಿಯ ಸುಣ್ಣ ಬಳಿದು ಬರೆದುದರಿಂದ ಚಿತ್ರಗಳು ಬಹುಬೇಗ ಮಾಸಿದವು.

ಮುಂದೆ ತನ್ನ ‘ರೆಡ್ ಹೌಸ್’ ಮನೆಗಾಗಿ ಅವನೂ ಪತ್ನಿ ಜೇನಳೂ ನೀಲಿ ಉಣ್ಣೆಬಟ್ಟೆಯ ಮೇಲೆ ಡೇಸಿ ಹೂಗಳನ್ನು ಕಸೂತಿ ಮಾಡಿದರು. ಆ ಹೂಗಳ ಮೂಲ ತೋಟವಲ್ಲ. ಫ್ರ್ವಾಸಾರನ ಇತಿಹಾಸದ ಮಧ್ಯಯುಗೀನ ಹಸ್ತಪ್ರತಿಯೊಂದರ ಚಿತ್ರ. ಹೀಗೆ ಪ್ರಕೃತಿಯೊಡನೆ ಪರಂಪರೆಯೂ ಅವನಿಗೆ ಆಕರವಾಯಿತು.

ಮೂರನೆಯ ಆಕರ ದ್ರವ್ಯಜ್ಞಾನ. 1875ರಿಂದ ಲೀಕ್ ಪಟ್ಟಣದಲ್ಲಿ ಥಾಮಸ್ ವಾರ್ಡ್‌ಲ್‌ನ ಬಣ್ಣದ ಕಾರ್ಖಾನೆಯಲ್ಲಿ ನಿಂತು ಅವನು ಸಸ್ಯಜನ್ಯ ಬಣ್ಣಗಳನ್ನು ಸ್ವತಃ ಅಭ್ಯಸಿಸಿದನು. ಅದರ ಫಲವನ್ನು 1883ರ ‘ಸ್ಟ್ರಾಬೆರಿ ಥೀಫ್’ ಮುದ್ರಿತ ವಸ್ತ್ರದಲ್ಲಿ ಕಾಣಬಹುದು. ಕೆಲ್ಮ್‌ಸ್ಕಾಟಿನ ತೋಟದಲ್ಲಿ ಹಣ್ಣು ಕದಿಯುತ್ತಿದ್ದ ಹಕ್ಕಿಗಳೇ ಅದರ ವಸ್ತು. ಬಟ್ಟೆಯನ್ನೆಲ್ಲ ನೀಲಿಯಲ್ಲಿ ಅದ್ದಿ, ಬೇಕಾದೆಡೆ ಬಣ್ಣ ತೆಗೆದು, ಅಲ್ಲಿ ಕೆಂಪು ಹಳದಿಗಳನ್ನು ಅಚ್ಚೊತ್ತುವ ವಿಧಾನ ಬಹು ನಿಧಾನದ್ದು. ಆ ವಿಧಾನವೇ ಚಿತ್ರಕ್ಕೆ ಗಾಢವಾದ ಹಿನ್ನೆಲೆಯನ್ನು ಕೊಟ್ಟಿದೆ.

ಆದುದರಿಂದ ಕಲಾಕೃತಿಯೊಂದನ್ನು ಅಭ್ಯಸಿಸುವ ವಿದ್ಯಾರ್ಥಿಯು ಕಲಾವಿದನು ಕಂಡುದೇನೆಂಬುದರ ಜೊತೆಗೆ ಯಾವ ಗೋಡೆ, ಯಾವ ಬಟ್ಟೆ, ಯಾವ ಬಣ್ಣವೆಂಬುದನ್ನೂ ವಿಚಾರಿಸತಕ್ಕದ್ದು. ಆಕ್ಸ್‌ಫರ್ಡಿನ ಮಾಸಿದ ಗೋಡೆಗಳೂ ಈ ದೃಷ್ಟಿಯಿಂದ ಇತಿಹಾಸದ ಸಾಕ್ಷ್ಯಗಳೇ ಆಗಿವೆ.